ಅತ್ತೆಯವರ ಕೊನೆಯ ಫೋಟೋ, ಮುಂಗಡವಾಗಿ

ಅತ್ತೆಯವರ ಕೊನೆಯ ಫೋಟೋವನ್ನು ನಾನೇ ತೆಗೆಯುತ್ತೇನೆಂದು ಶಪಥ ಮಾಡಿದೆ. ಗಾಬರಿ ಬೇಡ, ಅತ್ತೆ ಉಮೆನೊ ಗಟ್ಟಿಮುಟ್ಟಾಗಿಯೇ ಇದ್ದಾರೆ. ಎಂಬತ್ತೆಂಟು ತುಂಬಿತು. ಶವಸಂಸ್ಕಾರದ ದಿನ ಹೂಗಳ ನಡುವೆ ಇಡುವ ಪಟವನ್ನು ಮುಖ ಚೆನ್ನಾಗಿರುವಾಗಲೇ ತೆಗೆಸಿಡುವುದು ನಮ್ಮ ಟೋಕಿಯೊದ ಹಿರಿಯರ ಜಾಣತನ.

"ಮೊಬೈಲಲ್ಲಿ ಒಂದು ತೆಗೆದುಬಿಡಿ, ಸಾಕು" ಎಂದಳು ಹೆಂಡತಿ ಚಿಜುರು.

"ಮೊಬೈಲಾ? ನಮ್ಮಪ್ಪನ ಕ್ಯಾಮೆರಾ ಇರುವಾಗ?"

ಸೋತ ದೇಶ, ಸುಟ್ಟ ಊರು, ಊಟಕ್ಕೆ ಗೆಣಸು. ಯುದ್ಧ ಮುಗಿದ ಮೂರನೆಯ ವರ್ಷ ಅಂಥದ್ದರ ನಡುವೆ ಅವತರಿಸಿದ ಯಂತ್ರವದು! ಅದನ್ನು ಮಾಡಿದವರು ಮೊದಲು ಯುದ್ಧನೌಕೆಗಳ ಫಿರಂಗಿಗಳಿಗೆ ಶತ್ರುವಿನ ದೂರ ಅಳೆದುಕೊಡುತ್ತಿದ್ದರು. ಆಮೇಲೆ ಅದೇ ವಿದ್ಯೆಯಿಂದ ಮದುಮಗಳ ಮೂಗಿನ ದೂರ ಅಳೆದರು. ಕಿಂಡಿಯಲ್ಲಿ ಇಣುಕಿದರೆ ಮುಖ ಎರಡಾಗಿ ಕಾಣುತ್ತದೆ. ಚಕ್ರ ತಿರುಗಿಸುತ್ತಾ ಹೋದರೆ ಎರಡೂ ಒಂದಾಗುತ್ತವೆ. ಆಗ ಒತ್ತಬೇಕು. ಜರ್ಮನಿಯ ಕ್ಯಾಮೆರಾಗಳ ಮುಂದೆ ಕೈಕಟ್ಟಿ ನಿಂತಿದ್ದ ಲೋಕ ನಮ್ಮ ಕಡೆ ತಿರುಗಿದ್ದು ಇಂಥ ಡಬ್ಬಿಗಳಿಂದಲೇ.

ಇದಿಷ್ಟನ್ನೂ ಅತ್ತೆಗೆ ವಿವರಿಸಿದೆ. ಅವರು ಕಪ್ಪು ರೇಷ್ಮೆಯ ಕಿಮೊನೊ ಉಟ್ಟು ಮಂಡಿಯೂರಿ ಕೂತಿದ್ದರು. ನಾನು "ರೆಡಿ" ಎಂದಾಗಲೆಲ್ಲ "ನಿಮಗೆ ಬಹಳ ತೊಂದರೆ" ಎಂದು ತಲೆಬಾಗಿಬಿಡುತ್ತಿದ್ದರು.

"ಬಗ್ಗಬೇಡಿ ಅತ್ತೆ, ದೂರ ಬದಲಾಗುತ್ತೆ."

"ಕಾಲು ಜೋಮು ಹಿಡೀತು ಅಳಿಯಂದ್ರೇ. ಈ ಪಟ ಇವತ್ತೇ ಬೇಕಾಗುತ್ತೋ ಏನೋ."

ಫಿಲ್ಮಿನ ಸುರುಳಿ ಪೂರ್ತಿ ಖಾಲಿ ಮಾಡಿದೆ.

ಫೋಟೋ ಅಂಗಡಿಯ ಕುರಮೊಚಿ ಎರಡೂ ಕೈಯಿಂದ ಲಕೋಟೆ ನೀಡಿ, "ಬಹಳ ಸೌಮ್ಯವಾದ ಶೈಲಿ ತಮ್ಮದು" ಎಂದರು. ನಮ್ಮಲ್ಲಿ ಇಷ್ಟು ಮರ್ಯಾದೆ ಸಿಕ್ಕಿತೆಂದರೆ ಅನಾಹುತವಾಗಿದೆ ಎಂದೇ ಅರ್ಥ. ತೆರೆದರೆ ಮುಖವಿರಬೇಕಾದಲ್ಲಿ ಬರೀ ಮೋಡಗಳು. ಪ್ರತಿ ಮೋಡಕ್ಕೂ ಒಂದು ಕಿಮೊನೊ.

"ಈ ಲೆನ್ಸು ಒಳಗೆ ಮಡಚಿಕೊಂಡಿರುತ್ತೆ. ತೆಗೆಯೋ ಮುಂಚೆ ಹೊರಗೆ ಎಳೀಬೇಕಿತ್ತು" ಎಂದರು ಕುರಮೊಚಿ. "ಕಿಂಡಿಯ ನೋಟ ಲೆನ್ಸಿನ ಮೂಲಕ ಬರೋದಲ್ಲ ನೋಡಿ. ಕಿಂಡಿಯಲ್ಲಿ ಎಲ್ಲಾ ಸರಿಯಾಗೇ ಕಾಣುತ್ತೆ."

ಚರಿತ್ರೆಯೆಲ್ಲ ಗೊತ್ತಿತ್ತು, ಇದೊಂದು ಬಿಟ್ಟು.

ಮನೆಯಲ್ಲಿ ಅತ್ತೆ ಮೋಡಗಳನ್ನು ಒಂದೊಂದಾಗಿ ನೋಡಿದರು. "ಯಂತ್ರದ ತಪ್ಪಲ್ಲ ಅಮ್ಮ" ಎಂದಳು ಚಿಜುರು. "ಗೊತ್ತು" ಎಂದರು ಅತ್ತೆ, ನನ್ನನ್ನೇ ನೋಡುತ್ತಾ.

ಚಿಜುರು ಹೊಸ ಫಿಲ್ಮು ಹಾಕಿ, ಲೆನ್ಸನ್ನು ಹೊರಗೆಳೆದು, ಒಂದೇ ಒಂದು ಸಲ ಒತ್ತಿದಳು. ಭಾಷಣವಿಲ್ಲ. ಆ ಒಂದರಲ್ಲಿ ಅತ್ತೆಯ ಕಣ್ಣಂಚಿನ ತುಂಟ ನಗುವೂ ಕೂದಲೆಳೆಯಷ್ಟೂ ಮಸುಕಿಲ್ಲದೆ ಮೂಡಿತ್ತೆಂದು ಆಮೇಲೆ ತಿಳಿಯಿತು. ಎಪ್ಪತ್ತು ವರ್ಷದ ಗಾಜು, ಸ್ವಾಮಿ!

ಅತ್ತೆ ಕಾಲು ನೀವಿಕೊಳ್ಳುತ್ತಾ ಎದ್ದರು.

"ಫಿಲ್ಮು ಇನ್ನೂ ಉಳಿದಿದೆಯಲ್ಲ, ಚಿಜುರು? ಇವರದ್ದೂ ಒಂದು ತೆಗೆದಿಡು. ಇವರ ಜಾಣತನ ನೋಡಿದರೆ, ನನಗಿಂತ ಮೊದಲೇ ಬೇಕಾಗಬಹುದು."