ಕಳೆದ ನಾಲ್ಕು ವಾರಗಳಲ್ಲಿ

ಬೇರೆಯವರ ಅಂಕಿಅಂಶಗಳನ್ನು ಸಂಶಯಿಸುವಷ್ಟು ಸುಖದ ಕೆಲಸ ಇನ್ನೊಂದಿಲ್ಲ. ಆ ಸುಖವನ್ನು ನಾನು ಸಂಬಳ ತೆಗೆದುಕೊಂಡೇ ಅನುಭವಿಸಿದವನು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಯಾರು ಯಾವ ಸಂಖ್ಯೆ ಹೇಳಿದರೂ, ಎಣಿಸಿದವರು ಯಾರು, ಯಾವಾಗ ಎಣಿಸಿದರು ಎಂದು ಕೇಳುವುದು ನನ್ನ ಚಾಳಿ. ಮನುಷ್ಯನ ನೆನಪನ್ನಂತೂ ದಾಖಲೆಯೆಂದು ಒಪ್ಪಲೇಬಾರದು ಎಂದು ಪ್ರತಿವರ್ಷ ಹೇಳುತ್ತಿದ್ದೆ. ಅದಕ್ಕೆ ನಾನೇ ಉದಾಹರಣೆ. ಕಾವೂರಿನ ಕೆರೆಯಲ್ಲಿ ಈಜು ಕಲಿತದ್ದು, ಮೂಗಿಗೆ ನೀರು ಹೊಕ್ಕದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಈಜು ಕಲಿತವನು ತಾನೆಂದೂ, ನಾನು ದಡದಲ್ಲಿ ಅಂಗಿ ಹಿಡಿದುಕೊಂಡು ನಿಂತಿದ್ದೆನೆಂದೂ ಅಣ್ಣ ಹೇಳುತ್ತಾನೆ. ನನಗೆ ಈಜು ಬರುವುದಿಲ್ಲವಾದ್ದರಿಂದ ಅವನ ಮಾತಿನಲ್ಲಿ ಹುರುಳಿರಬಹುದು.

ಇಂಥ ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಗ್ರಂಥಿಯ ಗೋಡೆ ದಾಟಿ ಸ್ವಲ್ಪ ಹೊರಗೂ ಹೊರಟಿದೆ ಎಂದರು. ಡಾಕ್ಟರ್ ಇನ್ನೂ ಚಿಕ್ಕ ಹುಡುಗಿ, ತಾಳ್ಮೆ ಮಾತ್ರ ಅಜ್ಜಿಯದ್ದು. "ಸರ್, ಹಾರ್ಮೋನ್ ಇಂಜೆಕ್ಷನ್ ಹೇಗೂ ಉಂಟು. ರೇಡಿಯೇಶನ್ ಸಾಮಾನ್ಯವಾಗಿ ಐದು ವಾರ. ಅದನ್ನೇ ಹೆಚ್ಚು ಪ್ರಮಾಣದಲ್ಲಿ ಐದೇ ಸಲ ಕೊಟ್ಟರೆ ಅಷ್ಟೇ ಗುಣ ಸಿಗ್ತದಾ, ತೊಂದರೆ ಹೆಚ್ಚಾಗ್ತದಾ ಅಂತ ಒಂದು ಅಧ್ಯಯನ ನಡೀತಾ ಉಂಟು. ಸೇರ್ತೀರಾ? ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತದೆ" ಎಂದರು. ನಾನು ಒಂದು ಗಂಟೆ ಪ್ರಶ್ನೆ ಕೇಳಿದೆ. ತಿಂಗಳ ನಂತರ ತುಂಬಬೇಕಾದ ಫಾರ್ಮು ನೋಡಿ, ಎಲ್ಲ ಪ್ರಶ್ನೆಯೂ 'ಕಳೆದ ನಾಲ್ಕು ವಾರಗಳಲ್ಲಿ' ಎಂದೇ ಯಾಕೆ ಶುರುವಾಗುತ್ತದೆ, ಅದಕ್ಕಿಂತ ಹಿಂದಿನದು ಬೇಡವೇ, ಇದು ವಿನ್ಯಾಸದ ದೋಷ ಎಂದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಮತಿ ಡಾಕ್ಟರಿಗೆ, "ನೀವು ಬೇಜಾರು ಮಾಡ್ಬೇಡಿ. ಮದುವೆಗೆ ನೋಡ್ಲಿಕ್ಕೆ ಬಂದಾಗಲೂ ಹೀಗೇ" ಎಂದಳು.

ಚೀಟಿಗೆ ಪಕ್ಷಪಾತವಿಲ್ಲ ಎಂದು ಕಲಿಸಿದವನು ನಾನು. ಆದರೂ ಐದು ಸಲದ್ದೇ ಬರಲಿ ಎಂದು ಒಳಗೊಳಗೇ ಹಾರೈಸಿದೆ. ಅದೇ ಬಂತು. ರ‍್ಯಾಂಕು ಬಂದವನಂತೆ ದೇರೆಬೈಲಿನ ಮನೆಗೆ ಬಂದು ಎಲ್ಲರಿಗೂ ಫೋನು ಮಾಡುತ್ತಿದ್ದರೆ ಸುಮತಿ, "ಕಂಪ್ಯೂಟರಿಗೂ ಸಾಕಾಗಿರ್ಬೇಕು, ಇವರನ್ನು ಬೇಗ ಕಳಿಸಿಬಿಡುವ ಅಂತ" ಎಂದಳು.

ಈ ಚಿಕಿತ್ಸೆಯಲ್ಲಿ ರೋಗಿಗಿರುವ ಕೆಲಸ ಒಂದೇ. ಮೂತ್ರಚೀಲ ತುಂಬಿಕೊಂಡು ಮಲಗಬೇಕು. ಮೊದಲು ಖಾಲಿ ಮಾಡಿ, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕಾಯಬೇಕು. ಕಂಕನಾಡಿಯ ಆಸ್ಪತ್ರೆಯ ಬೆಂಚಿನಲ್ಲಿ ನಾವೆಲ್ಲ ಬಾಟಲಿ ಹಿಡಿದು ಕುಳಿತಿರುತ್ತಿದ್ದೆವು. ನನ್ನ ಪಕ್ಕದವರು ಸಂಜೀವಣ್ಣ, ದುಬೈಯ ಹೋಟೆಲೊಂದರಲ್ಲಿ ಅಡಿಗೆ ಮಾಡಿ ಊರಿಗೆ ಮರಳಿದವರು. ಅವರ ಚೀಟಿಯಲ್ಲಿ ಐದು ವಾರ ಬಂದಿತ್ತು. ರೇಡಿಯೇಶನ್ನಿಗೆ ಅವರಿಟ್ಟ ಹೆಸರು ಕರೆಂಟು. "ನಿಮ್ಮದು ಐದು ದಿವಸದ ಕರೆಂಟು ಮಾಷ್ಟ್ರೇ, ಮದುವೆಮನೆಗೆ ಊಟಕ್ಕೆ ಬಂದ ಹಾಗೆ. ನಮ್ಮದು ಅಡಿಗೆಯವರ ಹಾಗೆ, ಚಪ್ಪರ ಬಿಚ್ಚುವವರೆಗೆ ಇರ್ಬೇಕು" ಎನ್ನುತ್ತಿದ್ದರು.

ಮೂರನೆಯ ದಿನ ಮೇಜಿನ ಮೇಲೆ ಮಲಗಿದ್ದೆ. ಸ್ಪೀಕರಿನಲ್ಲಿ ಸಿಸ್ಟರ್ ಧ್ವನಿ ಬಂತು. "ಸರ್, ನೀರು ಕುಡಿದಿದ್ದೀರಾ?"

"ಕುಡಿದಿದ್ದೇನೆ."

"ಸ್ಕ್ಯಾನಿನಲ್ಲಿ ಚೀಲ ತುಂಬಿದ್ದು ಕಾಣುವುದಿಲ್ಲ ಸರ್."

ಹಿಂದೆ ದಾರ ಕಟ್ಟುವ ಆ ಗೌನಿನಲ್ಲೇ ಎದ್ದು ಕುಳಿತು, ಅಳತೆಯ ಉಪಕರಣಗಳಲ್ಲಿ ದೋಷ ಹೇಗೆ ನುಸುಳುತ್ತದೆ ಎಂದು ಸ್ಪೀಕರಿಗೆ ವಿವರಿಸಿದೆ. "ನೀರು ಕುಡಿದು ಬನ್ನಿ ಸರ್" ಎಂದಿತು ಸ್ಪೀಕರು. ಹೊರಗೆ ಬಂದೆ. ಬೆಂಚಿನಲ್ಲಿ ಕಾಯುತ್ತಿದ್ದ ಸುಮತಿ ಕೈಚೀಲದಿಂದ ನನ್ನ ಬಾಟಲಿ ತೆಗೆದು ತೋರಿಸಿದಳು. ಮುಚ್ಚಳದ ಸೀಲು ಹಾಗೇ ಇತ್ತು. ಆ ನೀರು ಗಂಟಲಲ್ಲಿ ತಣ್ಣಗೆ ಇಳಿದದ್ದು ನನಗೆ ನೆನಪಿತ್ತಲ್ಲ. ನೆನಪಿನಲ್ಲಿದ್ದದ್ದು ಹಿಂದಿನ ದಿನ ಕುಡಿದ ನೀರು. ಸಂಜೀವಣ್ಣ ಸರಿದು ಜಾಗ ಮಾಡಿಕೊಟ್ಟು, "ಬನ್ನಿ, ಕೂತ್ಕೊಳ್ಳಿ. ಎರಡನೇ ಪಂಕ್ತಿ" ಎಂದರು.

ತಿಂಗಳ ನಂತರ ಫಾರ್ಮು ತುಂಬಲು ಹೋದಾಗ ಬೆಂಚಿನಲ್ಲಿ ಅವರು ಇನ್ನೂ ಇದ್ದರು, ಕೊನೆಯ ವಾರ. ಬಾಟಲಿ ಎತ್ತಿ ಕುಡಿಯುತ್ತಿದ್ದ ಅವರನ್ನು ನೋಡಿದಾಗ ನನಗೆ ಫಾರ್ಮಿನ ಭಾರ ತಿಳಿಯಿತು. ಐದು ಸಲ ಸಾಕೇ ಎಂಬುದು ನಾಳೆ ಈ ಬೆಂಚಿಗೆ ಬರುವವರಿಗಾಗಿ ನಿರ್ಧಾರವಾಗಬೇಕು. ಅದಕ್ಕೆ ನಾನು ಬರೆಯುವುದೂ ಒಂದು ಆಧಾರ. ಸೀಲು ಒಡೆಯದ ಬಾಟಲಿಯಿಂದ ನೀರು ಕುಡಿದವನ ನೆನಪು.

ಹೆದರಿಕೆಯಾಯಿತು. ಆದರೂ ಬರೆಯತೊಡಗಿದೆ. ಕಳೆದ ನಾಲ್ಕು ವಾರಗಳಲ್ಲಿ ಮೈ ಬಿಸಿಯೇರಿ ಬೆವರುವ ತೊಂದರೆ ಎಷ್ಟಿತ್ತು? 'ಸ್ವಲ್ಪ' ಎಂದು ಗುರುತು ಹಾಕಿದೆ. ಹಾರ್ಮೋನ್ ಇಂಜೆಕ್ಷನ್ನಿನ ಪ್ರಭಾವ ಅದು.

"ಸ್ವಲ್ಪವಾ?" ಎಂದಳು ಸುಮತಿ. "ಮೊನ್ನೆ ಫ್ರಿಜ್ಜಿನ ಬಾಗಿಲು ತೆಗೆದು ತಲೆ ಒಳಗಿಟ್ಟು ನಿಂತದ್ದು ಯಾರು?"

"ದೋಸೆಹಿಟ್ಟು ಹುಡುಕುತ್ತಿದ್ದೆ."

"ಹಿಟ್ಟು ಒಲೆ ಹತ್ರ ಇತ್ತು ಮಾರಾಯ್ರೆ. ಆ ವಾರ ನಾಲ್ಕು ಸಲ ಹುಡುಕಿದ್ದೀರಿ." ಮತ್ತೆ ಕೇಳಿದಳು, "ನನಗೆ ಐವತ್ತರಲ್ಲಿ ಹೀಗೆ ಆಗ್ತಿದ್ದಾಗ ನೀವೆಂತ ಹೇಳಿದ್ದು, ನೆನಪುಂಟಾ?"

ನನಗೆ ಅವಳಿಗೆ ಹಾಗಾದದ್ದೇ ನೆನಪಿರಲಿಲ್ಲ.

"ಮಳೆಗಾಲದಲ್ಲಿ ಫ್ಯಾನ್ ಜೋರು ಮಾಡಿದ್ದಕ್ಕೆ ಕಂಬಳಿ ಹೊದ್ದು ಕೂತು ಹೇಳಿದ್ರಿ, 'ಒಬ್ಬರ ಅನುಭವದಿಂದ ಏನನ್ನೂ ಸಾಧಿಸಲಿಕ್ಕೆ ಆಗುವುದಿಲ್ಲ' ಅಂತ."

ಇಲ್ಲವೆನ್ನಲು ಬಾಯಿ ತೆರೆದೆ. ಆದರೆ ವಾಕ್ಯ ನನ್ನದೇ. ನನ್ನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಗುರುತಿಸುತ್ತಾನೆ. 'ಸ್ವಲ್ಪ' ಹೊಡೆದುಹಾಕಿ 'ಬಹಳ' ಎಂದು ಬರೆದೆ. ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಗೂ ಮೊದಲು ಅವಳ ಮುಖ ನೋಡಿದೆ, ಆಮೇಲೆ ಬರೆದೆ. ಕೊನೆಯಲ್ಲಿ, ತುಂಬಲು ಯಾರಾದರೂ ನೆರವಾದರೇ ಎಂಬ ಸಾಲಿತ್ತು. 'ಹೌದು, ಹೆಂಡತಿ' ಎಂದು ಬರೆದು ಸಹಿ ಹಾಕಿದೆ.

ಫಾರ್ಮು ಓದಿದ ಸಿಸ್ಟರ್ ನಕ್ಕು, "ಆಂಟಿಗೆ ಎಲ್ಲ ನೆನಪುಂಟಲ್ಲ" ಎಂದರು.

"ಮದುವೆಯ ದಿವಸದಿಂದ ಉಂಟು" ಎಂದು ಸುಮತಿ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. "ಬರೀತೀರಾದ್ರೆ ಹೇಳ್ತೇನೆ."

"ಇಲ್ಲ ಆಂಟಿ, ನಮಗೆ ನಾಲ್ಕು ವಾರದ್ದು ಮಾತ್ರ ಸಾಕು."

ಜೀವನದಲ್ಲಿ ಮೊದಲ ಬಾರಿಗೆ, ಒಂದು ಅಧ್ಯಯನದ ವಿನ್ಯಾಸದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ.