ಮೀನಿಗೆ ಬಯಕೆ ಊಟ

ಪಂಚಾಕ್ಷರಯ್ಯನವರು ಯಂತ್ರದ ಮೇಲೆ ಹೊದಿಸಿದ್ದ ಹಳೇ ಪಂಚೆಯನ್ನು ಸರಕ್ಕನೆ ಎಳೆದು, "ನೋಡು ಮಂಗಳಾ, ಇದೇ ನನ್ನ ಮಥನಿ!" ಎಂದರು.

ಸರ್ವಮಂಗಳಮ್ಮ ನೋಡಿದರು. ಕೆಟ್ಟುಹೋಗಿದ್ದ ವಾಷಿಂಗ್ ಮಷೀನಿನ ಮೋಟಾರು, ಎರಡು ಪೈಪು, ಒಂದು ಬಿಂದಿಗೆ. ಬಿಂದಿಗೆ ತಮ್ಮ ತವರಿನದು ಎಂಬುದನ್ನೂ ಗುರುತು ಹಿಡಿದರು. ಕಾಲೇಜಿನ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಯಜಮಾನರು ತಿಪಟೂರಿನ ಮನೆಯ ಹಜಾರದಲ್ಲಿ ಒಂದು ಸಮುದ್ರವನ್ನೇ ಸಾಕಿಕೊಂಡಿದ್ದರು! ಗಾಜಿನ ತೊಟ್ಟಿ, ಉಪ್ಪುನೀರು, ಹವಳದ ಬಂಡೆ, ಅದರ ಮರೆಯಲ್ಲಿ ಬಿಳಿ ಪಟ್ಟೆಯ ಕಿತ್ತಳೆ ಮೀನಿನ ಜೋಡಿ. ಆರು ವರ್ಷ ಕಾದ ಮೇಲೆ ಈಗ ಹೆಣ್ಣುಮೀನಿನ ಹೊಟ್ಟೆ ಉಬ್ಬಿತ್ತು. ಅದರ ಮರಿಗಳನ್ನು ಕಣ್ಣಾರೆ ನೋಡಬೇಕು ಅನ್ನುವುದು ಗಂಡಹೆಂಡಿರಿಬ್ಬರ ಆಸೆ.

ಮೀನು ತಿಂದು ಬಿಟ್ಟದ್ದೆಲ್ಲ ನೀರಲ್ಲಿ ಕೊಳೆತು ನೈಟ್ರೇಟು, ಫಾಸ್ಫೇಟು ಆಗುತ್ತದೆ, ಅದು ಹೆಚ್ಚಾದರೆ ಪಾಚಿ ಕಟ್ಟಿ ಮರಿಗಳು ಬದುಕುವುದಿಲ್ಲ ಎಂದು ಪಂಚಾಕ್ಷರಯ್ಯ ವಿವರಿಸಿದರು. ಮಥನಿ ನೀರನ್ನು ಮಜ್ಜಿಗೆಯ ಹಾಗೆ ಕಡೆದು, ಆ ಸತ್ವವನ್ನೆಲ್ಲ ನೊರೆಯಲ್ಲಿ ಎತ್ತಿ, ಹಿತ್ತಲ ತೆಂಗಿನ ಸಸಿಯ ಬುಡಕ್ಕೆ ಕಳಿಸುತ್ತದಂತೆ. ಗುಂಡಿ ಒತ್ತಿದರು. ನೊರೆ ಬುಸುಬುಸು ಎದ್ದಿತು. ನೀರು ಎಷ್ಟು ತಿಳಿಯಾಯಿತೆಂದರೆ ಮೀನುಗಳು ಗಾಳಿಯಲ್ಲೇ ತೇಲುತ್ತಿದ್ದಂತೆ ಕಂಡವು. ಸರ್ವಮಂಗಳಮ್ಮ ಬಿಂದಿಗೆಯ ಸಿಟ್ಟು ಮರೆತು ಕೈ ಮುಗಿದುಬಿಟ್ಟರು.

"ಆದ್ರೆ ಮೀನಿನ ತಿಂಡಿ ದಿನಕ್ಕೆ ಏಳೇ ಕಾಳು ಹಾಕಬೇಕು. ಎಂಟು ಹಾಕಿದ್ರೆ ಕೆಟ್ಟಿತು," ಎಂದರು ಯಜಮಾನರು.

ಏಳು ಕಾಳು! ಬಸುರಿಗೆ! ಸರ್ವಮಂಗಳಮ್ಮ ಬೆರಳು ಮಡಿಚಿ ಎಣಿಸಿ ನೋಡಿದರು. ಹೆಣ್ಣುಮಕ್ಕಳಿಲ್ಲದ ಅವರು ಈ ಜನ್ಮದಲ್ಲಿ ಯಾರಿಗೂ ಬಯಕೆ ಊಟ ಬಡಿಸಿದ್ದೇ ಇಲ್ಲ. ಮಾರನೆಯ ದಿನ ಗಂಡ ಸ್ನಾನಕ್ಕೆ ಹೋದದ್ದೇ ತಡ, ಒಂದು ಚೂರು ಕಾಯಿ ಹೋಳಿಗೆ ತೊಟ್ಟಿಗೆ ಇಳಿಯಿತು. ಮೀನು ಗಬಕ್ಕನೆ ನುಂಗಿ ಇನ್ನೂ ಬೇಕು ಅನ್ನುವಂತೆ ಬಾಯಿ ತೆರೆಯಿತು. ಮರುದಿನ ಚಿತ್ರಾನ್ನ. ಆಮೇಲೆ ಅಂಟಿನುಂಡೆ. ಬಂಡೆಯ ಮೇಲೆ ನೂರಾರು ಮೊಟ್ಟೆ ಕಂಡ ಮೇಲೂ ಉಪಚಾರ ನಿಲ್ಲಲಿಲ್ಲ.

ನೀರು ಕೆಡುತ್ತಿದೆ ಎಂದು ಮಥನಿಯ ಕೆಂಪು ದೀಪ ಹತ್ತಿತು. ಸತ್ವ ಎಲ್ಲಿಂದ ಏರುತ್ತಿದೆಯೋ ತಿಳಿಯದೆ ಪಂಚಾಕ್ಷರಯ್ಯ ತಲೆ ಕೆರೆದುಕೊಂಡು ವೇಗವನ್ನು ಎರಡಕ್ಕೆ ಏರಿಸಿದರು, ಆಮೇಲೆ ಮೂರಕ್ಕೆ. ನೊರೆ ಉಕ್ಕಿ ಸೋಫಾ ಮುಳುಗಿತು. ಇತ್ತ ಹಿತ್ತಲ ಸಸಿ ಸೋಮವಾರ ಕಿಟಕಿ ಮುಟ್ಟಿತು, ಬುಧವಾರ ತಾರಸಿ ದಾಟಿತು, ಶುಕ್ರವಾರ ಹೊಂಬಾಳೆ ಒಡೆದು ಶನಿವಾರ ಕಾಯಿ ಬಿಟ್ಟಿತು! ಪಕ್ಕದ ಮನೆಯ ಓಂಕಾರಣ್ಣ ಇನ್ನೂರು ತೆಂಗಿನ ಮರದ ಒಡೆಯರು. ಅಳೆಯಲು ಬಂದವರು ಟೇಪು ಸಾಲದೆ, ಬಾಯಿ ತೆರೆದುಕೊಂಡು ನಿಂತುಬಿಟ್ಟರು.

ಭಾನುವಾರ ಬೆಳಗ್ಗೆ ನೋಡಿದರೆ ಬಂಡೆಯ ಮೇಲೆ ಒಂದು ಮೊಟ್ಟೆಯೂ ಇಲ್ಲ, ತೊಟ್ಟಿಯಲ್ಲಿ ಒಂದು ಮರಿಯೂ ಇಲ್ಲ. ಮೊಟ್ಟೆಯೊಡೆದು ಬಂದ ಮರಿಗಳನ್ನೆಲ್ಲ ಮಥನಿ ನೊರೆಯ ಜೊತೆಗೆ ಎಳೆದುಕೊಂಡುಬಿಟ್ಟಿತ್ತು. ಪಂಚಾಕ್ಷರಯ್ಯ ಸ್ವಿಚ್ ಆರಿಸಿ, ಕಾಫಿಯನ್ನೂ ಮುಟ್ಟದೆ ತೊಟ್ಟಿಯ ಮುಂದೆ ಕೂತರು.

"ನಾನೇ ರೀ ಮಾಡಿದ್ದು," ಎಂದರು ಸರ್ವಮಂಗಳಮ್ಮ. "ದಿನಾ ಬಯಕೆ ಊಟ ಹಾಕ್ತಿದ್ದೆ."

"ಮೀನಿಗಾ?"

"ಅದೂ ಬಸುರಿ ಅಲ್ವಾ?"

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಸರ್ವಮಂಗಳಮ್ಮನವರಿಗೆ ಅಳುವೇ ಬಂತು.

ಅಷ್ಟರಲ್ಲಿ ಹಿತ್ತಲಿಂದ ಓಂಕಾರಣ್ಣ ಕೂಗಿದರು. ತಡೆಯಲಾರದೆ ಒಂದು ಎಳನೀರು ಕಿತ್ತು, ಮಚ್ಚಿನಿಂದ ಕೆತ್ತಿ, ತುಟಿಗಿಟ್ಟು ಮುಖ ಹಿಂಡಿಕೊಂಡಿದ್ದರು. "ಅಕ್ಕಾ, ಇದು ಎಳನೀರಲ್ಲ, ಸಮುದ್ರದ ನೀರು! ಒಳಗೆ ಏನೋ ಓಡಾಡ್ತಿದೆ!"

ಸರ್ವಮಂಗಳಮ್ಮ ಇಣುಕಿದರು. ಬಿಳಿ ಗಂಜಿಯ ನಡುವೆ, ತಿಳಿನೀರಿನಲ್ಲಿ, ಎಳ್ಳುಕಾಳಿನಷ್ಟಿದ್ದ ಎಂಟು ಕಿತ್ತಳೆ ಮರಿಗಳು ಸುತ್ತು ಹೊಡೆಯುತ್ತಿದ್ದವು. ಪಂಚಾಕ್ಷರಯ್ಯ ನೀರನ್ನು ಪರೀಕ್ಷಿಸಿದರು. ಸತ್ವವನ್ನೆಲ್ಲ ಮರ ತಾನೇ ಹೀರಿಕೊಂಡು, ಮರಿಗೆ ಬೇಕಾದ ಉಪ್ಪನ್ನು ಮಾತ್ರ ಬಿಟ್ಟಿತ್ತು.

"ಆರು ವರ್ಷದಿಂದ ನನ್ನ ಕೈಲಿ ಇಂಥ ನೀರು ಮಾಡೋಕಾಗ್ಲಿಲ್ಲ ಮಂಗಳಾ," ಎಂದು ಮೆಲ್ಲಗೆ ಹೇಳಿದರು.

ಮೂವರೂ ತಲೆ ಎತ್ತಿದರು. ಮೇಲೆ ಇನ್ನೂ ಮೂವತ್ತು ಕಾಯಿ. ಗಾಳಿಗೆ ಮರ ತೂಗಿದರೆ ಒಂದೊಂದು ಕಾಯಿಯೊಳಗೂ ಅಲೆಯ ಸದ್ದು. ಸರ್ವಮಂಗಳಮ್ಮ ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತ ನಿಂತರು.

ಮರುದಿನ ಚಟ್ನಿಗೆ ಕಾಯಿ ಬೇಕಾಯಿತು. ತಿಪಟೂರಿನಲ್ಲಿ ಹಿತ್ತಲಲ್ಲೇ ಮರ ಇಟ್ಟುಕೊಂಡು ಅಂಗಡಿಯಲ್ಲಿ ಕಾಯಿ ಕೊಳ್ಳುವುದೆಂದರೆ ಮಾನ ಹೋಗುವ ವಿಷಯ. ಊರಿಗೆಲ್ಲ ಕಾಣುವ ಮರ ಇದೆಯಲ್ಲಮ್ಮ, ಅದಕ್ಕೇನಾಯಿತು ಎಂದು ಅಂಗಡಿಯವನು ಕೇಳಿಯೇಬಿಟ್ಟ.

ಸರ್ವಮಂಗಳಮ್ಮ ಎರಡು ಕಾಯಿ ಚೀಲಕ್ಕೆ ಹಾಕಿಕೊಂಡು, "ಅದಕ್ಕೆ ಬಾಣಂತನ ನಡೀತಿದೆ ಕಣಪ್ಪಾ," ಎಂದರು.