ಬಲಮೂಲೆಯ ನೋಟಿಫಿಕೇಶನ್ ಅವರಿಗೆ, ಗೂಬೆಯ ವಿಚಾರವಾಗಿ

ಕಂಪ್ಯೂಟರ್ ಪರದೆಯ ಕೆಳಗಿನ ಬಲಮೂಲೆಯಲ್ಲಿ ಖಾಯಂ ಬಿಡಾರ ಹೂಡಿ, ಕರೆಯದಿದ್ದರೂ ಧುತ್ತೆಂದು ದರ್ಶನ ನೀಡುವ ಮಾನ್ಯ ನೋಟಿಫಿಕೇಶನ್ ಅವರೇ,

ವಸ್ತುಸಂಗ್ರಹಾಲಯದ ಪಕ್ಷಿಕೋಣೆಯಲ್ಲಿ ಹತ್ತಿ ತುಂಬಿದ ಹಕ್ಕಿಗಳ ಧೂಳು ಒರೆಸಿ, ಅವುಗಳ ಹೆಸರಿನ ಚೀಟಿ ಬರೆಯುವವಳ ನಮಸ್ಕಾರಗಳು. ತಮ್ಮ ಕ್ಷೇಮಸಮಾಚಾರವನ್ನು ಗಂಟೆಗೆ ಹನ್ನೊಂದು ಬಾರಿ ತಾವೇ ತಿಳಿಸುತ್ತಿರುವುದರಿಂದ ನಾನು ಪ್ರತ್ಯೇಕವಾಗಿ ವಿಚಾರಿಸುವುದಿಲ್ಲ.

ತಮ್ಮ ಮೇಲೆ ಗೂಬೆ ಕೂರಿಸುವುದು ನನ್ನ ಉದ್ದೇಶವಲ್ಲ. ಆದರೆ ಹೋದ ಮಂಗಳವಾರ ನಮ್ಮ ಗೂಬೆಯ ಮೇಲೆ ತಾವೇ ಬಂದು ಕೂತಿರಿ. ಪಕ್ಷಿಕೋಣೆಯನ್ನು ಮುಚ್ಚಿ ಅಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಿತಿ ಸೇರಿತ್ತು. ಬೇಡವೆನ್ನಲು ನನಗೆ ಹತ್ತು ನಿಮಿಷವನ್ನೂ ಕಂಪ್ಯೂಟರಿನ ಚಿತ್ರಗಳನ್ನು ಬಿಡಲು ಒಂದು ಬಿಳಿ ಗೋಡೆಯನ್ನೂ ಕೊಟ್ಟಿದ್ದರು. ದುಂಡು ಕನ್ನಡಕದ ಅಧ್ಯಕ್ಷರು ಮೂರನೆಯ ಚಿತ್ರಕ್ಕೇ ಗೊರಕೆ ಹೊಡೆಯತೊಡಗಿದರು.

ಮಿಂಚುಳ್ಳಿಯ ಚಿತ್ರಕ್ಕೆ ತಾವು ಮೊದಲ ಬಾರಿ ಬಂದು, ಹೊಸ ಆವೃತ್ತಿಯನ್ನು ಈಗ ಹಾಕಲೋ ಆಮೇಲೆ ಹಾಕಲೋ ಎಂದು ವಿನಯದಿಂದ ಕೇಳಿದಿರಿ. ಆಮೇಲೆ ಎಂದೆ. ಆಮೇಲೆ ಎಂದರೆ ಮುಂದಿನ ಚಿತ್ರ ಎಂದು ತಾವು ಅರ್ಥೈಸಿಕೊಂಡಿರಿ. ಕೊಕ್ಕರೆಯ ಕಾಲುಗಳ ಮೇಲೆಯೇ ತಾವು ಪದೇ ಪದೇ ಆಸೀನರಾದ್ದರಿಂದ, ಸದಸ್ಯರೊಬ್ಬರು ಈ ಹಕ್ಕಿಗೆ ಕಾಲಿಲ್ಲವೆಂದು ಬರೆದುಕೊಂಡದ್ದನ್ನು ಕಣ್ಣಾರೆ ಕಂಡೆ.

ಆಮೇಲೆ ಗೋಡೆ ತುಂಬ ಗೂಬೆ ಬಂತು. ಕೀಲಿಗೊಂಚಲು ಹಿಡಿದು ಬಾಗಿಲ ಹೊರಗೆ ಕೂತಿದ್ದ ನಮ್ಮ ಬೀಗದಕ್ಕ ನನ್ನ ಮೇಲಿನ ಅಕ್ಕರೆಯಿಂದ ಕಳಿಸಿದ ಗುಟ್ಟಿನ ಸಂದೇಶವನ್ನು ತಾವು ಗಂಟೆ ಬಾರಿಸಿ, ಅವರ ಹೆಸರಿನ ಸಮೇತ ಗೋಡೆಗೆ ಹಚ್ಚಿದಿರಿ: "ಆ ಗೂಬೆ ಎದ್ದಿದೆಯಾ, ಇನ್ನೂ ಗೊರಕೆ ಹೊಡೀತಿದೆಯಾ?"

ಗಂಟೆಯ ಸದ್ದಿಗೆ ಅಧ್ಯಕ್ಷರು ಎದ್ದರು. ಓದಿದರು. ನಾನು ಗಾಬರಿಯಿಂದ ಮುಚ್ಚುವ ಗುರುತನ್ನು ಒತ್ತಿದೆ, ತಾವು ಒಂದಿಂಚು ಪಕ್ಕಕ್ಕೆ ಸರಿದು, ಉಳಿದದ್ದನ್ನೂ ಬಿಚ್ಚಿಟ್ಟಿರಿ: "ಕನ್ನಡಕ ಮಾತ್ರ ಚೆನ್ನಾಗಿದೆ."

"ಯಾವ ಗೂಬೆ?" ಎಂದರು ಅಧ್ಯಕ್ಷರು.

ಇಪ್ಪತ್ತು ವರ್ಷ ಚೀಟಿಗಳಲ್ಲಿ ಸತ್ಯವನ್ನೇ ಬರೆದ ನನ್ನ ಕೈ ಗೋಡೆಯತ್ತ ಚಾಚಿತು. "ಇದೇ ಸಾರ್."

"ಇದು ಸತ್ತು ಐವತ್ತು ವರ್ಷ ಆಯ್ತು ಅಂತ ಚಿತ್ರದ ಕೆಳಗೇ ಬರ್ದಿದ್ದೀರಲ್ಲಮ್ಮಾ. ಗೊರಕೆ ಹೇಗೆ ಹೊಡಿಯುತ್ತೆ?"

"ಅದೇ ನಮಗೂ ಗೊತ್ತಾಗ್ತಿಲ್ಲ ಸಾರ್. ಹತ್ತಿರ ಹೋಗಿ ಕೇಳ್ಬೇಕು."

ಹೋದರು! ಬೀಗದಕ್ಕ ಪಕ್ಷಿಕೋಣೆಯ ಬೀಗ ತೆಗೆದರು. ಇಡೀ ಸಮಿತಿ ಹಿಂದೆ ನಿಂತಿರಲು, ಅಧ್ಯಕ್ಷರು ಗಾಜಿನ ಪೆಟ್ಟಿಗೆಗೆ ಕಿವಿಯಿಟ್ಟು ಎರಡು ನಿಮಿಷ ಆಲಿಸಿದರು. ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿ, ಬೆವರುತ್ತಿದ್ದ ಬೀಗದಕ್ಕನ ಕಡೆ ತಿರುಗಿ, "ಇದು ನಮ್ಮ ಮನೆಯವಳು ಆರಿಸಿದ್ದು. ಚೆನ್ನಾಗಿದೆ ಅಂದ್ರಿ ಅಂತ ಹೇಳ್ತೀನಿ," ಎಂದರು. ಆಮೇಲೆ ಸಮಿತಿಗೆ, "ಈ ಕೋಣೆ ಇರಲಿ. ಕುರ್ಚಿ ಬೇರೆಲ್ಲಾದ್ರೂ ಹಾಕಿ," ಎಂದು ಹೊರಟೇಬಿಟ್ಟರು. ನಾನು ನೆಲದ ಮೇಲೆಯೇ ಕುಸಿದು ಕೂತು ನಕ್ಕೆ, ಅಳುವೂ ಬಂತು.

ಈ ಕೀರ್ತಿ ತಮಗೇ ಸಲ್ಲಬೇಕೆಂದು ಬೀಗದಕ್ಕ ವಾದಿಸುತ್ತಿದ್ದಾರೆ. ಜಾರಿ ಬಿದ್ದವರಿಗೆ ಕಳೆದ ಉಂಗುರ ಸಿಕ್ಕರೆ ಬಾಳೆಸಿಪ್ಪೆಗೆ ಶಾಲು ಹೊದಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ತಾವು ದಯಮಾಡಿ ಬರುವ ಮುನ್ನ ಒಮ್ಮೆ ಕೆಮ್ಮಬೇಕು; ನಾಲ್ಕು ಜನ ಕೂತಿದ್ದರೆ ಹೊಸಿಲಾಚೆ ನಿಲ್ಲಬೇಕು; ಈಗ, ಆಮೇಲೆ ಎಂಬ ಎರಡೇ ಗುಂಡಿಗಳ ಪಕ್ಕದಲ್ಲಿ, ಈ ಜನ್ಮದಲ್ಲಿ ಬೇಡ ಎಂಬ ಮೂರನೆಯದನ್ನೂ ಕರುಣಿಸಬೇಕು. ಸಾಧ್ಯವಾದರೆ, ಹತ್ತಿ ತುಂಬಿಸಿಕೊಳ್ಳಲು ತಮಗೆ ಒಪ್ಪಿಗೆಯಿದೆಯೇ ಎಂಬುದನ್ನೂ ತಿಳಿಸಬೇಕು, ಚೀಟಿ ಬರೆದಿಟ್ಟಿದ್ದೇನೆ.

ಇನ್ನೂ ಕಂಪ್ಯೂಟರನ್ನು ಕಿಟಕಿಯಿಂದಾಚೆ ಎಸೆಯದಿರುವ,
ತಮ್ಮ ವಿಶ್ವಾಸಿ,
ಪಕ್ಷಿಕೋಣೆಯವಳು

ತಾ.ಕ.: ಇದು ಎರಡನೆಯ ಪ್ರತಿ. ಮೊದಲ ಪತ್ರವನ್ನು ಉಳಿಸಲೇ ಎಂದು ಕಂಪ್ಯೂಟರ್ ಕೇಳಿದಾಗ, ತಾವು ಆ ಪ್ರಶ್ನೆಯ ಮೇಲೆಯೇ ಬಂದು ಕೂತದ್ದರಿಂದ ಬೇಡ ಎಂದು ಒತ್ತಿಬಿಟ್ಟೆ. ಅದರಲ್ಲಿ ತಮ್ಮನ್ನು ಕ್ಷಮಿಸಿದ್ದೆ.